ನರ್ಸಿಂಗ್ ವಿಭಾಗದ ಆ ಮೊದಲ ವರ್ಷ

ನಮ್ಮ ವಿಶ್ವವಿದ್ಯಾಲಯ ಶುರುವಾದದ್ದು ಒಂದು ಹೊಲಿಗೆ ತರಗತಿಯಿಂದ. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ರಸ್ತೆಯ ಬದಿಯಲ್ಲಿ, ತಗಡಿನ ಶೀಟಿನ ಕೆಳಗೆ ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡು ಇಬ್ಬರು ಸಿಸ್ಟರುಗಳು ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳಿಗೆ ರವಿಕೆ ಹೊಲಿಯುವುದನ್ನು ಕಲಿಸುತ್ತಿದ್ದರು. ಹೊಲಿಯಲು ಅಳತೆ ಬೇಕು, ಅಳತೆಗೆ ಅಂಕಿ ಬೇಕು ಎಂದು ಅಂಕಿ ಹೇಳಿಕೊಟ್ಟರು. ಅಂಕಿಯ ಹಿಂದೆ ಅಕ್ಷರ ಬಂತು. ಅದು ಶಾಲೆಯಾಯಿತು, ಶಾಲೆ ಹೈಸ್ಕೂಲಾಯಿತು, ಕಲ್ಲುಕಟ್ಟಡ ಎದ್ದಿತು, ಕಾಲೇಜು ಬಂತು. ಚರ್ಚಿನವರು ಪಕ್ಕದಲ್ಲೇ ಒಂದು ಸಣ್ಣ ಆಸ್ಪತ್ರೆಯನ್ನೂ ನಡೆಸುತ್ತಿದ್ದರು.

ಮಂಡಿಕಲ್ ಕಡೆಯ ನಮ್ಮ ಊರಿನಿಂದ ನನ್ನನ್ನು ಅಲ್ಲಿಯ ಹಾಸ್ಟೆಲಿಗೆ ತಂದು ಬಿಟ್ಟವರು ನಮ್ಮಪ್ಪ. ಆಗ ನಾನು ಐದನೇ ತರಗತಿ. ಊರಿನ ಶಾಲೆಯಲ್ಲಿ ನನ್ನ ಜಾಗ ಬಾಗಿಲ ಪಕ್ಕದಲ್ಲಿತ್ತು. ಇಲ್ಲಿ ಮೊದಲ ದಿನವೇ ಒಬ್ಬ ಸಿಸ್ಟರ್ ಕೈಹಿಡಿದು ಎರಡನೇ ಸಾಲಿನಲ್ಲಿ, ಇತರ ಹುಡುಗಿಯರ ನಡುವೆ ಕೂರಿಸಿದರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿತ್ತು, ಅಲ್ಲಿಯ ಗೋಡೆಯ ಮೇಲೆ ಏಸುವಿನ ಪಟ. ಯಾವುದನ್ನಾದರೂ ಬಿಡು ಎಂದು ನನಗೆ ಯಾರೂ ಹೇಳಲಿಲ್ಲ. ಅಲ್ಲೇ ಓದಿದೆ, ಬೆಂಗಳೂರಿಗೆ ಹೋಗಿ ಕನ್ನಡ ಎಂ.ಎ. ಮಾಡಿಕೊಂಡು ಬಂದು ಅಲ್ಲೇ ಅಧ್ಯಾಪಕಿಯಾದೆ. ನನ್ನ ಅಕ್ಷರ, ನನ್ನ ಅನ್ನ ಎರಡೂ ಆ ಸಂಸ್ಥೆಯದು. ಮುಂದೆ ಹೇಳುವುದಕ್ಕೆ ಇದು ಗೊತ್ತಿರಬೇಕು.

ನಾನು ಪಾಠ ಮಾಡಲು ಶುರುಮಾಡಿ ಬಹಳ ವರ್ಷವಾದ ಮೇಲೆ ಕಾಲೇಜು ಖಾಸಗಿ ವಿಶ್ವವಿದ್ಯಾಲಯವಾಯಿತು. ಗೇಟಿನ ಬೋರ್ಡು ಬದಲಾಯಿತು. ಮೇಷ್ಟ್ರುಗಳು ಅವರೇ, ಮಕ್ಕಳೂ ಅವರೇ, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅದೇ ಚಿತ್ರಾನ್ನ. ಪ್ರಿನ್ಸಿಪಾಲರಾಗಿದ್ದ ಫಾದರ್ ಕುಲಪತಿಗಳಾದರು. ಅವರು ಕರಾವಳಿಯವರು, ಅಚ್ಚುಕಟ್ಟಾಗಿ ಪುಸ್ತಕದ ಹಾಗೆ ಕನ್ನಡ ಮಾತಾಡುತ್ತಿದ್ದರು. ಹೊಸ ಕೋರ್ಸು ಶುರುಮಾಡದೆ ಇಷ್ಟು ಸಣ್ಣ ವಿಶ್ವವಿದ್ಯಾಲಯ ಉಳಿಯುವುದಿಲ್ಲ ಎಂದು ಬೆಂಗಳೂರಿನ ಆಡಳಿತ ಮಂಡಳಿಯವರು ಹೇಳುತ್ತಿದ್ದರು. ಆಗ ಫಾದರ್ ಆರಿಸಿಕೊಂಡದ್ದು ನರ್ಸಿಂಗ್. ಮಾನ್ಯತೆಗೆ ಅರ್ಜಿ ಹಾಕಿಯಾಗಿತ್ತು. ಬಂದೇ ಬರುತ್ತದೆ ಎಂಬ ನಂಬಿಕೆಯಲ್ಲಿ ತರಗತಿ ಶುರುಮಾಡುವುದೆಂದು ತೀರ್ಮಾನವಾಯಿತು.

ಹುಡುಗಿಯರನ್ನು ಕರೆತರುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡ, ತೆಲುಗು ಎರಡೂ ಬರುತ್ತವೆ, ಉರ್ದು ಅಷ್ಟಿಷ್ಟು ಅರ್ಥವಾಗುತ್ತದೆ, ಊರೂರಿನಲ್ಲಿ ಹಳೆಯ ವಿದ್ಯಾರ್ಥಿಗಳ ಪರಿಚಯವಿದೆ ಎಂಬುದು ಕಾರಣ. ಆ ಬೇಸಿಗೆಯಲ್ಲಿ ನಾನು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ಸುತ್ತಿದೆ.

ಶಿಡ್ಲಘಟ್ಟದ ಒಂದು ಮನೆ ಈಗಲೂ ಕಣ್ಣ ಮುಂದಿದೆ. ಮನೆಯ ಹಿಂಭಾಗದಲ್ಲೇ ರೇಷ್ಮೆ ನೂಲು ತೆಗೆಯುವ ಶೆಡ್ಡು. ಬೆಂದ ಗೂಡಿನ ವಾಸನೆ ಬೀದಿಯ ತುದಿಯಿಂದಲೇ ಮೂಗಿಗೆ ಬರುತ್ತಿತ್ತು. ಮನೆಯ ಯಜಮಾನರು ರೀಲರ್, ಎಂದರೆ ನೂಲು ತೆಗೆಸುವವರು, ಐವತ್ತರ ಆಸುಪಾಸು, ಬಿಳಿ ಟೋಪಿ, ಮೊಣಕೈವರೆಗೆ ಮಡಚಿದ ಅಂಗಿ. ಅವರ ಮಗಳು ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು ಗೂಡಿನ ಎಳೆ ಹುಡುಕುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಾಗ ಅವಳ ಬೆರಳ ತುದಿಗಳೆಲ್ಲ ಬೆಳ್ಳಗೆ ಸುಕ್ಕುಗಟ್ಟಿದ್ದವು. ಪಿಯುಸಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದಿದ್ದಳು.

ರೀಲರ್ ನನ್ನನ್ನು ಕೂರಿಸಿ ಟೀ ತರಿಸಿದರು. ಆಮೇಲೆ ಕೇಳಿದರು. "ಮೇಡಂ, ನಮ್ಮ ಮನೇಲಿ ಹೆಣ್ಣುಮಕ್ಕಳು ಕಾಲೇಜು ಮೆಟ್ಟಿಲು ಹತ್ತಿಲ್ಲ. ಇವಳೇ ಫಸ್ಟು. ಕಳಿಸ್ಬೇಡ ಅನ್ನೋರು ಮನೇಲೇ ನಾಕು ಜನ ಇದಾರೆ. ಓದು ಮುಗಿದ್ರೆ ಕೆಲಸ ಸಿಗುತ್ತಾ?"

"ಸಿಗುತ್ತೆ. ನರ್ಸುಗಳಿಗೆ ಎಲ್ಲಿ ಹೋದರೂ ಕೆಲಸ ಇದೆ."

"ಸರ್ಟಿಫಿಕೇಟು ಪಕ್ಕಾನಾ?"

"ಪಕ್ಕಾ," ಎಂದೆ. ಒಂದು ಕ್ಷಣವೂ ಯೋಚಿಸಲಿಲ್ಲ.

"ನಿಮ್ಮ ಮಾತಿನ ಮೇಲೆ ಕಳಿಸ್ತೀನಿ ಮೇಡಂ. ಕಾಲೇಜು ಗೀಲೇಜು ನಂಗೆ ಗೊತ್ತಿಲ್ಲ. ನಿಮ್ಮನ್ನ ನೋಡಿದೀನಿ, ಅಷ್ಟೇ."

ಹೀಗೆ ಮನೆಮನೆ ತಿರುಗಿ ಇಪ್ಪತ್ತೇಳು ಹುಡುಗಿಯರನ್ನು ಸೇರಿಸಿದೆ. ಗೌರಿಬಿದನೂರು ಕಡೆಯ ಒಬ್ಬ ಹುಡುಗಿಯನ್ನು ಅವಳ ತಾತನೇ ಕರೆದುಕೊಂಡು ಬಂದಿದ್ದರು. ಹೊಲ ಗದ್ದೆ ಇದ್ದ ಮನೆ, ಅಪ್ಪ ಬ್ಯಾಂಕಿನಲ್ಲಿ ಗುಮಾಸ್ತ. ಅವಳಿಗೆ ಜೀವಶಾಸ್ತ್ರವೆಂದರೆ ಪ್ರಾಣ. ಮೊದಲ ವಾರವೇ ಮೂಳೆಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹಾಸ್ಟೆಲಿನ ಹುಡುಗಿಯರ ಕೈಕಾಲು ಮುಟ್ಟಿ ಒಪ್ಪಿಸುತ್ತಿದ್ದಳಂತೆ.

ತರಗತಿ ಶುರುವಾಗಿ ಎರಡು ತಿಂಗಳಾದಾಗ ಮಾನ್ಯತೆಯ ತಪಾಸಣೆಯ ದಿನ ನಿಗದಿಯಾಯಿತು. ನಾಲ್ಕು ದಿನ ಮುಂಚೆ ಫಾದರ್ ನನ್ನನ್ನೂ ನರ್ಸಿಂಗ್ ವಿಭಾಗದ ಮುಖ್ಯಸ್ಥೆಯಾಗಿದ್ದ ಸಿಸ್ಟರನ್ನೂ ಕರೆದರು. ಈ ಸಿಸ್ಟರ್ ಮೂವತ್ತು ವರ್ಷ ವಾರ್ಡುಗಳಲ್ಲಿ ದುಡಿದವರು, ಹೆಚ್ಚು ಮಾತಿಲ್ಲ.

"ನಿಯಮದ ಪ್ರಕಾರ ಆಸ್ಪತ್ರೆಯಲ್ಲಿ ಇಷ್ಟು ಹಾಸಿಗೆ ಇರಬೇಕು, ಹಾಸಿಗೆಯಲ್ಲಿ ರೋಗಿಗಳೂ ಇರಬೇಕು," ಎಂದರು ಫಾದರ್. "ಮಂಚಗಳನ್ನು ಹಾಸ್ಟೆಲಿನಿಂದ ಸಾಗಿಸೋಣ. ಟೀಚರ್, ನಿಮ್ಮ ಊರಿನಿಂದ ಹತ್ತು ಹನ್ನೆರಡು ಜನರನ್ನು ಕರೆತರಲು ಸಾಧ್ಯವೇ? ಒಂದು ದಿನದ ಮಟ್ಟಿಗೆ. ಎಲ್ಲ ಕಡೆಯೂ ಹೀಗೇ ನಡೆಯುತ್ತದೆ."

ಸಿಸ್ಟರ್ ಮೇಜಿನ ಅಂಚನ್ನೇ ನೋಡುತ್ತಾ, "ನಾನು ಬೇಡ ಅಂತೀನಿ ಫಾದರ್," ಎಂದರು.

"ಹೊಸ ವಾರ್ಡು ಕಟ್ಟಲು ಎರಡು ವರ್ಷ ಬೇಕು ಸಿಸ್ಟರ್. ಆಮೇಲೆ ನಾವು ನಿಜವಾಗಿ ತುಂಬಿಸುತ್ತೇವೆ. ಇದು ಆ ಎರಡು ವರ್ಷದ ಮಾತು."

ನಾನು ಹೂಂ ಎಂದೆ.

ಕಾಲೇಜಿನ ಬಸ್ಸಿನಲ್ಲಿ ನಮ್ಮೂರಿನಿಂದ ಹನ್ನೊಂದು ಜನ ಬಂದರು. ಅವರಲ್ಲಿ ನಮ್ಮಮ್ಮನೂ ಒಬ್ಬಳು. ಬಾರಮ್ಮ ಎಂದು ಕರೆದವಳು ನಾನೇ. ಬಸ್ಸಿನಲ್ಲಿ ಎಲ್ಲರೂ ಮದುವೆಗೆ ಹೊರಟವರ ಹಾಗೆ ನಗುತ್ತಿದ್ದರು. ವಾರ್ಡಿಗೆ ಬಂದು, ಹಸಿರು ನಿಲುವಂಗಿ ತೊಟ್ಟು, ಬಿಳಿ ಹಾಸಿಗೆಯ ಮೇಲೆ ಮಲಗಿದ ಮೇಲೆ ನಗು ನಿಂತಿತು. ಮಂಚದ ಕಾಲ ಬಳಿ ನೇತುಹಾಕಿದ ಹಾಳೆಗಳಲ್ಲಿ ಜ್ವರ, ವಾಂತಿ, ಎದೆನೋವು ಎಂದು ಬರೆದವಳೂ ನಾನೇ. ಅಮ್ಮನಿಗೆ ಜ್ವರ ಬರೆದಿದ್ದೆ.

ತಪಾಸಣೆಗೆ ಇಬ್ಬರು ಬಂದರು. ಒಬ್ಬರು ಗಂಡಸು, ಕಾಗದಪತ್ರ ನೋಡುತ್ತಾ ಆಫೀಸಿನಲ್ಲೇ ಕೂತರು. ಇನ್ನೊಬ್ಬರು ಹೆಂಗಸು, ಕನ್ನಡಕ, ಹತ್ತಿ ಸೀರೆ, ಬಾಗಿಲಲ್ಲಿ ಕಾಲಿಟ್ಟ ರೀತಿಯಲ್ಲೇ ವಾರ್ಡುಗಳಲ್ಲಿ ವಯಸ್ಸು ಕಳೆದವರು ಎಂದು ಗೊತ್ತಾಗುತ್ತಿತ್ತು. ಅವರು ಒಂದೊಂದೇ ಮಂಚದ ಬಳಿ ನಿಂತು ಮುಂದೆ ಹೋದರು. ಮುಖ ನೋಡುತ್ತಿರಲಿಲ್ಲ, ಹೊದಿಕೆಯಿಂದ ಹೊರಗಿದ್ದ ಪಾದಗಳನ್ನು ನೋಡುತ್ತಿದ್ದರು. ಒಡೆದ ಹಿಮ್ಮಡಿಗಳಲ್ಲಿ ಇನ್ನೂ ಹಸಿಮಣ್ಣು ಇತ್ತು. ಅವರು ಹತ್ತಿರ ಬರುವುದನ್ನು ಕಂಡು ನಮ್ಮೂರಿನ ಒಬ್ಬ ದೊಡ್ಡಪ್ಪ ಅಗತ್ಯಕ್ಕಿಂತ ಜೋರಾಗಿ ಕೆಮ್ಮಿದ. ಅವನ ಹಾಳೆಯಲ್ಲಿ ಹೊಟ್ಟೆನೋವು ಎಂದಿತ್ತು.

ಅಮ್ಮನ ಮಂಚದ ಬಳಿ ಅವರು ಕೂತರು. ಅಮ್ಮನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. "ಎಷ್ಟು ದಿನದಿಂದ ಜ್ವರ ಅಮ್ಮಾ?"

"ಯಾರ್ಗೆ?" ಎಂದಳು ಅಮ್ಮ.

ಫಾದರ್ ನನ್ನ ಪಕ್ಕದಲ್ಲಿದ್ದರು. ಅವರು ಮಂಚದ ಹಾಳೆಯ ಕಡೆ ಕೈ ತೋರಿಸಿದರು.

"ನಿಮಗೆ."

ಅಮ್ಮ ನನ್ನ ಕಡೆ ನೋಡಿದಳು, ಮತ್ತೆ ಆ ಹೆಂಗಸಿನ ಕಡೆ ನೋಡಿದಳು. "ನಂಗೇನೂ ಇಲ್ಲ ತಾಯಿ. ಮಗಳು ಬಂದು ಮಲಕ್ಕೋಮ್ಮ ಅಂದ್ಲು, ಮಲಗಿದೀನಿ. ಹೆಣ್ಣುಮಕ್ಕಳು ಓದಕ್ಕೆ ನಿಮ್ಮ ಪರ್ಮಿಷನ್ನು ಬೇಕಂತಲ್ಲ. ಕೊಟ್ಬಿಡಮ್ಮ, ಪುಣ್ಯ ಬರುತ್ತೆ."

ಆಕೆ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಅಮ್ಮನ ಕೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಇಟ್ಟು ಎದ್ದರು. ಉಳಿದ ಮಂಚಗಳ ಕಡೆಗೆ ಹೋಗಲಿಲ್ಲ. ಹೊರಗೆ ಕಾರಿಡಾರಿನಲ್ಲಿ ಸಿಸ್ಟರ್ ಒಬ್ಬರೇ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕೈಮುಗಿದರು.

ವಾಪಸು ಹೋಗುವಾಗ ಬಸ್ಸಿನಲ್ಲಿ ಅಮ್ಮ ನನ್ನ ಪಕ್ಕ ಕೂತು ಕೇಳಿದಳು. "ನಾನೇನಾದ್ರೂ ತಪ್ಪು ಮಾತಾಡಿದ್ನೇನಮ್ಮ? ಅವ್ರು ಕೈ ಹಿಡ್ಕೊಂಡು ಕೇಳಿದ್ರು. ಬಾಯಿಗೆ ಬೇರೇನೂ ಬರ್ಲಿಲ್ಲ."

"ಇಲ್ಲಮ್ಮ, ಏನೂ ಆಗಿಲ್ಲ," ಎಂದೆ.

ದಸರಾ ರಜೆ ಮುಗಿದ ವಾರ ಪತ್ರ ಬಂತು. ಮಾನ್ಯತೆ ನಿರಾಕರಿಸಲಾಗಿದೆ. ಫಾದರ್ ಅದನ್ನು ಓದಿ ಸಿಸ್ಟರಿಗೆ ಕೊಟ್ಟರು, ಸಿಸ್ಟರ್ ನನಗೆ ಕೊಟ್ಟರು.

"ಮೇಲ್ಮನವಿ ಹಾಕುತ್ತೇನೆ," ಎಂದರು ಫಾದರ್. "ಅಲ್ಲಿಯವರೆಗೆ ಈ ಪತ್ರ ನಮ್ಮ ಮೂವರಲ್ಲೇ ಇರಲಿ. ಈಗ ಹೊರಗೆ ಗೊತ್ತಾದರೆ ನರ್ಸಿಂಗ್ ಮಾತ್ರವಲ್ಲ, ಎಲ್ಲವೂ ಮುಚ್ಚುತ್ತದೆ. ಮುಚ್ಚಲು ಮಂಡಳಿಯವರು ಇಂಥ ನೆಪಕ್ಕೇ ಕಾಯುತ್ತಿದ್ದಾರೆ. ಟೀಚರ್, ಈ ಸಂಸ್ಥೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ."

ಹೇಳಬೇಕಾಗಿರಲಿಲ್ಲ. ಅದೇ ನನ್ನ ಕಷ್ಟವಾಗಿತ್ತು. ಜೊತೆಗೆ ಆ ಹಾಳೆಗಳಲ್ಲಿದ್ದದ್ದು ನನ್ನ ಕೈಬರಹ, ಆ ಮಂಚದಲ್ಲಿ ಮಲಗಿದ್ದವಳು ನನ್ನ ಅಮ್ಮ. ಸುದ್ದಿ ಹೊರಬಿದ್ದರೆ ಅದರ ಹಿಂದೆಯೇ ನಾನೂ ಹೊರಬೀಳುತ್ತಿದ್ದೆ. ಸಂಸ್ಥೆಯ ಋಣದಿಂದ ಸುಮ್ಮನಿದ್ದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿಕೆಯೂ ಅಷ್ಟೇ ಇತ್ತು.

ವಾರಕ್ಕೆ ಎರಡು ದಿನ ನರ್ಸಿಂಗ್ ಹುಡುಗಿಯರಿಗೆ ನನ್ನ ಕನ್ನಡ ತರಗತಿ. ಒಳಗೆ ಹೋಗುವಾಗ ಇಪ್ಪತ್ತೇಳು ಜನವೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಪಾಠ ಮಾಡುವಾಗ ಕಿಟಕಿಯ ಕಡೆ ನೋಡಿಕೊಂಡು ಮಾಡುತ್ತಿದ್ದೆ. ಮನೆಗೆ ಬಂದು ಅಡುಗೆಗೆ ನಿಂತರೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದೆ.

ಒಂದು ದಿನ ತರಗತಿ ಮುಗಿದ ಮೇಲೆ ರೀಲರ ಮಗಳು ಮೊಬೈಲು ಹಿಡಿದುಕೊಂಡು ನನ್ನ ಹಿಂದೆಯೇ ಬಂದಳು.

"ಮಿಸ್, ಮಾನ್ಯತೆ ಇರೋ ಕಾಲೇಜುಗಳ ಲಿಸ್ಟ್ ವೆಬ್‌ಸೈಟಲ್ಲಿ ಹಾಕಿದಾರೆ. ನಮ್ಮದು ಇಲ್ಲ."

ಅವಳು ತೋರಿಸಿದ ಪಟ್ಟಿಯನ್ನು ನಾನು ಹುಡುಕುವವಳ ಹಾಗೆ ಮೇಲಿನಿಂದ ಕೆಳಗೆ ನೋಡಿದೆ. "ಇನ್ನೂ ಅಪ್‌ಡೇಟ್ ಆಗಿರಲ್ಲ ಕಣಮ್ಮ. ಹೊಸ ಕೋರ್ಸಲ್ವಾ."

"ಹೌದಾ ಮಿಸ್? ಎಲ್ಲರೂ ಹೆದರ್ಕೊಂಡಿದ್ರು. ನಾನು ಹೇಳ್ತೀನಿ ಬಿಡಿ." ಅವಳ ಮುಖ ಬೆಳಗಿತು. ಓಡುತ್ತಾ ತರಗತಿಗೆ ಹೋಗಿ, "ಮಿಸ್ ಹೇಳಿದ್ರು, ಏನೂ ತೊಂದ್ರೆ ಇಲ್ವಂತೆ ಕಣ್ರೇ!" ಎಂದು ಕೂಗಿದ್ದು ಮೆಟ್ಟಿಲವರೆಗೂ ಕೇಳಿಸಿತು. ಒಳಗೆ ಚಪ್ಪಾಳೆ. ಆ ಚಪ್ಪಾಳೆಯಷ್ಟು ನಾಚಿಕೆಯನ್ನು ನನಗೆ ಯಾವ ಬೈಗುಳವೂ ತಂದಿಲ್ಲ.

ತಿಂಗಳು ಕಳೆಯಿತು. ಒಂದು ಸೋಮವಾರ ಸಿಸ್ಟರ್ ಸ್ಟಾಫ್ ರೂಮಿಗೆ ಬಂದು, ಬಾಗಿಲು ಮುಂದೆ ಮಾಡಿ, ಕೂರದೆಯೇ ಹೇಳಿದರು. "ಬೇರೆ ನರ್ಸಿಂಗ್ ಕಾಲೇಜುಗಳಲ್ಲಿ ಖಾಲಿ ಸೀಟುಗಳಿವೆ. ಈ ವರ್ಷ ದಾಖಲಾತಿ ದಿನಾಂಕ ಮುಂದಕ್ಕೆ ಹಾಕಿದಾರೆ. ಮುಂದಿನ ವಾರ ಗುರುವಾರ ಕೊನೆ ದಿನ. ಅದು ದಾಟಿದ್ರೆ ಈ ಮಕ್ಕಳಿಗೆ ಒಂದು ವರ್ಷ ಪೂರ್ತಿ ಹೋದ ಹಾಗೆ."

"ಮೇಲ್ಮನವಿ?"

"ನಾಡಿದ್ದು ಬುಧವಾರ ವಿಚಾರಣೆ ಇದೆ. ನನಗೆ ನಂಬಿಕೆ ಇಲ್ಲ. ನಾನು ಸಂನ್ಯಾಸಿನಿ, ವಿಧೇಯತೆಯ ಪ್ರತಿಜ್ಞೆ ಮಾಡಿದೀನಿ. ಫಾದರ್ ಸುಮ್ಮನಿರು ಅಂದ್ರೆ ಸುಮ್ಮನಿರಬೇಕು. ನೀವು ಆ ಪ್ರತಿಜ್ಞೆ ಮಾಡಿಲ್ಲ."

ಬುಧವಾರದ ವಿಚಾರಣೆ ಮುಂದಿನ ತಿಂಗಳಿಗೆ ಹೋಯಿತು. ಮರುದಿನ ಬೆಳಿಗ್ಗೆ ನಾನು ಫಾದರ್ ಬಳಿ ಹೋದೆ. ದಿನಾಂಕದ ವಿಷಯ ಹೇಳಿದೆ. ಅವರಿಗೆ ಗೊತ್ತಿತ್ತು.

"ಒಂದು ವರ್ಷ, ಟೀಚರ್. ಮಕ್ಕಳಿಗೆ ಹೆಚ್ಚೆಂದರೆ ಒಂದು ವರ್ಷ ನಷ್ಟ. ಆದರೆ ಸಂಸ್ಥೆ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ."

"ಶಿಡ್ಲಘಟ್ಟದ ಹುಡುಗಿಗೆ ಒಂದು ವರ್ಷ ಹೋದರೆ ಎರಡನೇ ವರ್ಷ ಇರಲ್ಲ ಫಾದರ್. ಅವಳನ್ನ ಮತ್ತೆ ಕಳಿಸಲ್ಲ."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲವೆಂದು ಕಾಣುತ್ತಿತ್ತು. "ನಾನು ನಿಮಗೆ ಅಪ್ಪಣೆ ಕೊಡಲಾರೆ," ಎಂದಷ್ಟೇ ಹೇಳಿದರು.

ಶುಕ್ರವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಶಿಡ್ಲಘಟ್ಟದ ಬಸ್ಸು ಹತ್ತಿದೆ. ರೀಲರ್ ಆಗತಾನೇ ನಮಾಜು ಮುಗಿಸಿ ಬಂದು ಶೆಡ್ಡಿನಲ್ಲಿ ನಿಂತಿದ್ದರು. ನನ್ನನ್ನು ಕಂಡು ಕುರ್ಚಿ ತರಿಸಿದರು. ನಾನು ಕೂರಲಿಲ್ಲ. ಮಾನ್ಯತೆ ಬಂದಿಲ್ಲ, ಪತ್ರ ಬಂದು ತಿಂಗಳು ದಾಟಿದೆ, ನನಗೆ ಮೊದಲಿನಿಂದ ಗೊತ್ತಿತ್ತು, ಗುರುವಾರದೊಳಗೆ ಬೇರೆ ಕಡೆ ಸೇರಿಸಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಹಾಸಿಗೆಗಳ ಕತೆಯನ್ನೂ ಹೇಳಿದೆ.

ಅವರು ಕೈಚಾಚಿ ಮೋಟಾರು ಆಫ್ ಮಾಡಿದರು. ತಿರುಗುತ್ತಿದ್ದ ರಾಟೆಗಳು ನಿಧಾನವಾಗಿ ನಿಂತವು. ಕೆಲಸದ ಹೆಂಗಸರು ಕೈಬಿಟ್ಟು ಈ ಕಡೆ ತಿರುಗಿದರು.

"ನನ್ನ ಮಗಳು ನಿಮ್ಮನ್ನ ಕೇಳಿದ್ಲಂತೆ. ನೀವು ಏನೂ ಇಲ್ಲ ಅಂದ್ರಂತೆ."

"ಹೌದು. ಸುಳ್ಳು ಹೇಳಿದೆ."

ನನ್ನನ್ನು ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಬೇಸಿನ್ನಿನ ನೀರನ್ನೇ ನೋಡುತ್ತಾ ನಿಂತರು. ಆಮೇಲೆ ಜೇಬಿನಿಂದ ಫೋನು ತೆಗೆದರು. "ಉಳಿದ ಇಪ್ಪತ್ತಾರು ಮನೆಯವರ ನಂಬರು ಇದೆಯಾ ನಿಮ್ಮ ಹತ್ರ?"

"ಇದೆ."

"ಹೇಳ್ತಾ ಹೋಗಿ."

ಆ ಶೆಡ್ಡಿನಲ್ಲೇ ನಿಂತು ನಾವಿಬ್ಬರೂ ಎಲ್ಲ ಮನೆಗಳಿಗೂ ಫೋನು ಮಾಡಿದೆವು. ಉರ್ದು ಮಾತಾಡುವವರ ಮನೆಗೆ ಅವರು, ತೆಲುಗು ಮಾತಾಡುವವರ ಮನೆಗೆ ನಾನು, ಕನ್ನಡದವರಿಗೆ ಯಾರ ಫೋನು ಬಿಡುವಿತ್ತೋ ಅವರು. ಒಬ್ಬ ತಾಯಿ ಪೂರ್ತಿ ಕೇಳದೆಯೇ ಅತ್ತರು. ಒಬ್ಬ ತಂದೆ, "ನಿನ್ನ ಮನೆ ಹಾಳಾಗ," ಎಂದು ಫೋನಿಟ್ಟರು. ಗೌರಿಬಿದನೂರಿನ ತಾತ, "ನಾಳೆ ಬೆಳಿಗ್ಗೆ ಅಲ್ಲಿರ್ತೀನಿ. ನೀನೂ ಅಲ್ಲಿರಬೇಕು," ಎಂದರು.

ಶನಿವಾರ ಒಂಬತ್ತು ಗಂಟೆಗೆ ಗೇಟಿನ ಮುಂದೆ ನೂರಕ್ಕೂ ಹೆಚ್ಚು ಜನ ಸೇರಿದ್ದರು. ಟ್ರ್ಯಾಕ್ಟರಿನಲ್ಲಿ ಬಂದವರಿದ್ದರು, ಆಟೋದಲ್ಲಿ ಬಂದವರಿದ್ದರು. ಹುಡುಗಿಯರು ಹಾಸ್ಟೆಲಿನಿಂದ ಇಳಿದು ಬಂದು ಅಪ್ಪಂದಿರ ಹಿಂದೆ ನಿಂತಿದ್ದರು. ನಾನು ಗೇಟಿನ ಒಳಗೆ ನಿಲ್ಲಬೇಕೋ ಹೊರಗೆ ನಿಲ್ಲಬೇಕೋ ತಿಳಿಯದೆ, ಅರ್ಧ ತೆರೆದಿದ್ದ ಗೇಟಿನ ನಡುವೆಯೇ ನಿಂತಿದ್ದೆ. ಯಾರೋ ನನ್ನ ಸೆರಗು ಹಿಡಿದು ಜಗ್ಗಿದರು. "ಇವ್ಳೇ ಕಣ್ರೀ ನಮ್ಮನೆಗೆ ಬಂದಿದ್ದು!" ನೋಟಿಸ್ ಬೋರ್ಡಿನ ಗಾಜಿಗೆ ಒಂದು ಕಲ್ಲು ಬಿತ್ತು. ಎರಡನೆಯ ಕಲ್ಲು ಎತ್ತಿಕೊಂಡಿದ್ದವನ ಕೈಯನ್ನು ರೀಲರ್ ಹಿಡಿದರು.

"ಕಲ್ಲು ಹೊಡೆದ್ರೆ ಸೀಟು ಬರಲ್ಲಪ್ಪ. ಐದು ದಿನ ಇದೆ. ಹೊಡೀಬೇಕು ಅಂದ್ರೆ ಶುಕ್ರವಾರ ಬಂದು ಹೊಡಿ, ನಾನೂ ಬರ್ತೀನಿ."

ಆಗ ಫಾದರ್ ಹೊರಗೆ ಬಂದರು. ಪೊಲೀಸರನ್ನು ಕರೆಯೋಣವೆಂದು ಆಫೀಸಿನವರು ಹೇಳುತ್ತಿದ್ದರಂತೆ, ಅವರು ಬೇಡವೆಂದರಂತೆ. ಬಿಳಿ ನಿಲುವಂಗಿಯಲ್ಲಿ ಮೆಟ್ಟಿಲ ಮೇಲೆ ನಿಲ್ಲದೆ ನೇರ ಜನರ ನಡುವೆ ನಡೆದರು.

"ಪತ್ರ ಮುಚ್ಚಿಟ್ಟವನು ನಾನು. ರೋಗಿಗಳನ್ನು ತರಲು ಹೇಳಿದವನೂ ನಾನು. ಟೀಚರ್ ನಾನು ಹೇಳಿದ್ದನ್ನು ಮಾಡಿದರು. ಈಗ ನೀವು ನನ್ನನ್ನು ಏನು ಮಾಡಬೇಕೆಂದಿದ್ದರೂ ಮಾಡಿ. ಆದರೆ ಮಕ್ಕಳನ್ನು ಕಾಲೇಜಿನ ಜೀಪಿಗೆ ಹತ್ತಿಸಿ. ಇವತ್ತಿನಿಂದಲೇ ಸೀಟು ಹುಡುಕೋಣ."

ಗೌರಿಬಿದನೂರಿನ ತಾತ ಮುಂದೆ ಬಂದು ಅವರ ಮುಖಕ್ಕೆ ಮುಖ ಕೊಟ್ಟು ನಿಂತರು. ಹೊಡೆಯುತ್ತಾರೆಂದೇ ನಾನು ತಿಳಿದೆ. "ಫೀಸು ವಾಪಸ್ ಕೊಡ್ತೀರಿ, ಗೊತ್ತು ಸ್ವಾಮಿ. ಹುಡ್ಗಿ ಮೂಳೆ ಹೆಸ್ರೆಲ್ಲಾ ಕಲ್ತವ್ಳೆ. ಅದನ್ನ ಅವ್ಳು ಯಾರಿಗೆ ವಾಪಸ್ ಕೊಡ್ಬೇಕು?" ಫಾದರ್ ತಲೆ ತಗ್ಗಿಸಿ ನಿಂತರು.

ಮುಂದಿನ ಐದು ದಿನ ಯಾರೂ ಪಾಠ ಮಾಡಲಿಲ್ಲ. ಫಾದರ್ ಜೀಪಿನಲ್ಲಿ ಕೋಲಾರ, ಬೆಂಗಳೂರು ಕಡೆ ಹೋದರು. ಎಷ್ಟೋ ಕಾಲೇಜುಗಳ ಬಾಗಿಲಲ್ಲಿ ಕೂತು ಕಾದರು. ಸಿಸ್ಟರ್ ಚಿಕ್ಕಬಳ್ಳಾಪುರ, ಚಿಂತಾಮಣಿಯ ಕಾಲೇಜುಗಳಿಗೆ ಹೋದರು. ತಮ್ಮ ಜೊತೆ ಕೆಲಸ ಮಾಡಿದ್ದ ಹಳೆಯ ನರ್ಸುಗಳನ್ನೆಲ್ಲ ಹುಡುಕಿ ಅವರಿಗೆ ಕೈಮುಗಿದರಂತೆ. ರೀಲರ ಮಗಳಿಗೆ ಚಿಂತಾಮಣಿಯಲ್ಲಿ ಸೀಟು ಸಿಕ್ಕಿತು. ಅಲ್ಲಿ ಅವಳ ಚಿಕ್ಕಮ್ಮನ ಮನೆಯಿದ್ದುದರಿಂದ ರೀಲರ್ ಒಪ್ಪಿದರು. ಸೋಮವಾರಕ್ಕೆ ಒಂಬತ್ತು ಜನ, ಬುಧವಾರದ ಸಂಜೆಗೆ ಹತ್ತೊಂಬತ್ತು ಜನ ಸೇರಿಯಾಗಿತ್ತು.

ಗುರುವಾರ ಮಧ್ಯಾಹ್ನ ಸಿಸ್ಟರ್ ಫೋನು ಮಾಡಿದರು. ಚಿಂತಾಮಣಿಯಲ್ಲಿ ಇನ್ನೊಂದು ಸೀಟು ಖಾಲಿಯಾಗಿದೆ, ಗೌರಿಬಿದನೂರಿನ ಹುಡುಗಿಯನ್ನು ಕರೆದುಕೊಂಡು ಬನ್ನಿ, ಐದು ಗಂಟೆಯೊಳಗೆ ಮೂಲ ಅಂಕಪಟ್ಟಿ ಕೊಡಬೇಕು. ಹುಡುಗಿ, ತಾತ ಇಬ್ಬರೂ ನಮ್ಮ ಆಫೀಸಿನಲ್ಲೇ ಕಾಯುತ್ತಿದ್ದರು. ಅವಳ ಅಂಕಪಟ್ಟಿ ಆಫೀಸಿನ ಬೀರುವಿನಲ್ಲಿತ್ತು. ಬೀರುವಿನ ಕೀಲಿ ಸೂಪರಿಂಟೆಂಡೆಂಟರ ಹತ್ತಿರ. ಅವರು ಅಂದು ರಜೆಯ ಮೇಲೆ ಚಿಕ್ಕಬಳ್ಳಾಪುರದ ಮನೆಯಲ್ಲಿ. ಅಟೆಂಡರ್ ಬೈಕಿನಲ್ಲಿ ಹೋಗಿ ಕೀಲಿ ತರುವ ಹೊತ್ತಿಗೆ ಮೂರೂಮುಕ್ಕಾಲು.

ಜೀಪು ಬೆಂಗಳೂರಿಗೆ ಹೋಗಿತ್ತು. ಸಿಕ್ಕ ಬಸ್ಸು ಹತ್ತಿದೆವು. ಶಿಡ್ಲಘಟ್ಟದಲ್ಲಿ ಗೂಡಿನ ಮಾರುಕಟ್ಟೆಯ ಕಡೆಯಿಂದ ಗೂಡಿನ ಚೀಲ ತುಂಬಿದ ಟೆಂಪೋಗಳು ಬಂದು ರಸ್ತೆ ಕಟ್ಟಿಹಾಕಿದವು. ಹುಡುಗಿ ಅಂಕಪಟ್ಟಿಯ ಕವರನ್ನು ಎದೆಗೆ ಒತ್ತಿಕೊಂಡು ಮೊಬೈಲಿನಲ್ಲಿ ಗಂಟೆ ನೋಡುತ್ತಿದ್ದಳು. ತಾತ ಎದ್ದು ಡ್ರೈವರಿನ ಬಳಿ ಹೋಗಿ, "ಸ್ವಲ್ಪ ಬೇಗ ಹೋಗಣಪ್ಪಾ, ಮಗಾ ಓದಬೇಕು," ಎಂದರು. ಡ್ರೈವರ್ ನಿಲ್ದಾಣಗಳಲ್ಲಿ ಪೂರ್ತಿ ನಿಲ್ಲಿಸದೆ ಓಡಿಸಿದ. ಚಿಂತಾಮಣಿಯಲ್ಲಿ ಇಳಿದು ಮೂವರೂ ಓಡಿದೆವು. ಎಪ್ಪತ್ತು ದಾಟಿದ ಆ ತಾತ ಪಂಚೆ ಎತ್ತಿ ಕಟ್ಟಿಕೊಂಡು ನನಗಿಂತ ಮುಂದೆ ಓಡುತ್ತಿದ್ದರು.

ನಾವು ಕೌಂಟರ್ ಮುಟ್ಟಿದಾಗ ಐದು ಗಂಟೆ ಎಂಟು ನಿಮಿಷ. ಸಿಸ್ಟರ್ ಅಲ್ಲೇ ನಿಂತು ಗುಮಾಸ್ತನನ್ನು ಎದ್ದುಹೋಗಲು ಬಿಡದೆ ಹಿಡಿದಿದ್ದರು. ಅವನು ಒಳ್ಳೆಯವನೇ. ಕವರು ತೆಗೆದುಕೊಂಡು, ಅಂಕಿಗಳನ್ನು ಟೈಪು ಮಾಡಿ, ಒಂದು ಸಲ ಒತ್ತಿದ, ಎರಡು ಸಲ ಒತ್ತಿದ. ಆಮೇಲೆ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದ. "ಕ್ಲೋಸ್ ಆಗೋಯ್ತು ಸಿಸ್ಟರ್. ಇದು ನಮ್ಮ ಕೈಲಿಲ್ಲ."

ಹುಡುಗಿ ಅಳಲಿಲ್ಲ. ಕವರನ್ನು ವಾಪಸು ತೆಗೆದುಕೊಂಡು, ಮಡಚಿಹೋಗಿದ್ದ ಮೂಲೆಯನ್ನು ಬೆರಳಿನಿಂದ ನೇವರಿಸಿ ಸರಿಮಾಡಿದಳು.

ಹೀಗೆ ಎಂಟು ಜನ ಉಳಿದುಹೋದರು. ಅವರ ಮನೆಗಳಿಗೆ ಒಬ್ಬಳೇ ಹೋಗಿಬಂದೆ. ಮೂರು ಮನೆಯಲ್ಲಿ ಒಳಗೆ ಕರೆದರು. ಇಬ್ಬರಿಗೆ ಆ ಬೇಸಿಗೆಯಲ್ಲೇ ಮದುವೆಯಾಯಿತು. ಗೌರಿಬಿದನೂರಿನ ಮನೆಯಲ್ಲಿ ತಾತ ಜಗಲಿಯಲ್ಲೇ ಕೂತಿದ್ದರು, ನೀರು ಕೊಡಿಸಿ ಒಳಗೆ ಹೋದರು.

ನಮ್ಮ ವಿಶ್ವವಿದ್ಯಾಲಯ ಮುಚ್ಚಲಿಲ್ಲ. ಮಂಡಳಿಯವರು ಬಂದು ವಿಚಾರಣೆ ನಡೆಸಿದರು. ನನ್ನನ್ನು ಪ್ರವೇಶ ಸಮಿತಿಯಿಂದ ತೆಗೆದರು, ಪಾಠಕ್ಕೆ ಬಿಟ್ಟರು. ಫಾದರನ್ನು ಕರಾವಳಿಯ ಒಂದು ಸಣ್ಣ ಚರ್ಚಿಗೆ ವರ್ಗ ಮಾಡಿದರು. ಹೊರಡುವ ದಿನ ಅವರು ನನ್ನ ತರಗತಿಯ ಬಾಗಿಲವರೆಗೆ ಬಂದರು.

"ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿತ್ತು, ಟೀಚರ್. ಈಗಲೂ ಸ್ವಲ್ಪ ಇದೆ. ಆದರೆ ಆ ಶನಿವಾರದಿಂದ ನನಗೆ ನಿದ್ದೆ ಬರುತ್ತಿದೆ." ಇನ್ನೇನೋ ಹೇಳಲು ಹೋಗಿ, "ನಿಮ್ಮ ತಾಯಿಯವರನ್ನು ಕೇಳಿದೆನೆಂದು ಹೇಳಿ," ಎಂದು ಮೆಟ್ಟಿಲಿಳಿದರು.

ನಾಲ್ಕು ವರ್ಷದ ನಂತರ ಹೊಸ ವಾರ್ಡು ನಿಜವಾಗಿಯೇ ಕಟ್ಟಿದರು. ನಿಜವಾದ ರೋಗಿಗಳು ಬಂದರು, ನಿಜವಾದ ಮಾನ್ಯತೆಯೂ ಬಂತು. ಸಿಸ್ಟರ್ ಅದನ್ನು ನೋಡಿಯೇ ನಿವೃತ್ತರಾದರು.

ಕಳೆದ ವರ್ಷ ಪರೀಕ್ಷಾ ಕೆಲಸದ ಮೇಲೆ ಗೌರಿಬಿದನೂರಿಗೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಕತ್ತಿಗೆ ಗುರುತಿನ ಚೀಟಿ ಹಾಕಿಕೊಂಡ ಯುವತಿಯೊಬ್ಬಳು ನನ್ನ ಎದುರು ಬಂದು ನಿಂತಳು. ಮೂಳೆಗಳ ಹೆಸರು ಒಪ್ಪಿಸುತ್ತಿದ್ದ ಅದೇ ಹುಡುಗಿ. ಮರುವರ್ಷ ಮನೆಯವರು ಮತ್ತೆ ಓದಿಗೆ ಕಳಿಸಲಿಲ್ಲವಂತೆ, ಈಗ ಬಟ್ಟೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದಾಳಂತೆ. ತಾತ ತೀರಿಕೊಂಡಿದ್ದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

"ನೀವು ನಿಜ ಹೇಳಿದ್ದಕ್ಕೆ ನಂಗೆ ಕೋಪ ಇಲ್ಲ ಮಿಸ್. ಲೇಟಾಗಿ ಹೇಳಿದ್ರಿ. ಒಂದು ದಿನ ಮುಂಚೆ ಹೇಳಿದ್ರೆ ಸಾಕಾಗಿತ್ತು."

ಹೌದು ಎಂದೆ.

ಆಮೇಲೆ ಅವಳು ಕೇಳಿದಳು. "ನನ್ನ ತಂಗಿ ನರ್ಸಿಂಗ್ ಓದ್ತೀನಿ ಅಂತ ಹಟ ಹಿಡಿದಿದಾಳೆ. ನಿಮ್ಮಲ್ಲಿ ಈಗ ಪರ್ಮಿಷನ್ ಇದೆ ಅಂತಾರೆ. ಇದೆಯಾ?"

"ಇದೆ."

"ಪೇಪರ್ ತೋರಿಸ್ತೀರಾ?"

"ತೋರಿಸ್ತೀನಿ. ಬಾ."

ಮುಂದಿನ ಶನಿವಾರ ಅವಳು ತಂಗಿಯನ್ನು ಕರೆದುಕೊಂಡು ಬಂದಳು. ನಾನು ಆಫೀಸಿನಿಂದ ಮಾನ್ಯತೆಯ ಮೂಲ ಪತ್ರವನ್ನೇ ತರಿಸಿ ಅವಳ ಕೈಗೆ ಕೊಟ್ಟೆ. ಕೂರು ಎಂದರೂ ಕೂರದೆ, ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನ ಮುದ್ರೆಯಿಂದ ಕೆಳಗಿನ ಸಹಿಯವರೆಗೆ ಎರಡು ಸಲ ಓದಿದಳು. ಆಮೇಲೆ ಮೊಬೈಲು ತೆಗೆದು ವೆಬ್‌ಸೈಟಿನ ಪಟ್ಟಿಯಲ್ಲೂ ಹೆಸರು ಹುಡುಕಿದಳು. ತಂಗಿ ಬಾಗಿಲ ಬಳಿ ಉಗುರು ಕಚ್ಚುತ್ತಾ ನಿಂತಿದ್ದಳು.

"ಬಾ," ಎಂದಳು ಅವಳು ಕೊನೆಗೆ ತಂಗಿಗೆ, "ಅಪ್ಲಿಕೇಶನ್ ತಗೊಳಣ."